ಸಪಾಟು ಮಾವನ ಸೊಟ್ಟ ಹಲಗೆಗಳು

ಆ ಬೀದಿಯಲ್ಲಿ ಬಡಗಿಯ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಸಪಾಟು. ನಲವತ್ತು ವರ್ಷದಿಂದ ಅವನ ಕೈಯಿಂದ ಹೊರಬಿದ್ದ ಮೇಜು, ಬೆಂಚು, ಹಲಗೆ ಯಾವುದರ ಮೇಲಾದರೂ ಒಂದು ಗೋಲಿ ಇಟ್ಟು ನೋಡಿ, ಗೋಲಿ ಇಟ್ಟಲ್ಲೇ ಕೂತಿರುತ್ತಿತ್ತು. ಒಮ್ಮೆ ಯಾರೋ ಅವನು ಮಾಡಿಕೊಟ್ಟ ಮೇಜು ಒಂಚೂರು ಬಾಗಿದೆ ಅಂದುಬಿಟ್ಟರು. ಮೂರು ದಿನ ಅವನಿಗೆ ಊಟ ಸೇರಲಿಲ್ಲ. ನಾಲ್ಕನೆಯ ದಿನ ಅವರ ಮನೆಗೇ ಹೋಗಿ, ಮೇಜನ್ನು ಬಿಟ್ಟು ನೆಲವನ್ನು ಅಳೆದು, "ಬಾಗಿರೋದು ನಿಮ್ಮ ನೆಲ" ಎಂದು ಸಾಧಿಸಿ ಬಂದ. ಅಂಥ ಮನುಷ್ಯನ ಎದುರು ಬಂದು ನಿಂತು ಅವನ ತಂಗಿಯ ಮಗಳು ಕೇಳಿದ್ದೇನು ಗೊತ್ತೇ?

"ಮಾವ, ನಂಗೆ ತೊಂಬತ್ತಾರು ಹಲಗೆ ಬೇಕು. ಎಲ್ಲಾ ಬಾಗಬೇಕು."

ಸಪಾಟು ಕೀಸುಳಿ ಕೆಳಗಿಟ್ಟ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ನೋಡಿ, ಮತ್ತೆ ಅಲ್ಲೇ ಸಿಕ್ಕಿಸಿಕೊಂಡ. "ಬಿಸಿಲಲ್ಲಿ ತುಂಬಾ ತಿರುಗ್ತಿದ್ದೀಯಾ? ಒಂದು ಲೋಟ ನೀರು ಕುಡಿ" ಎಂದ.

ಹುಡುಗಿಗೂ ಒಂದು ಅಡ್ಡಹೆಸರಿತ್ತು. ಚಿಕ್ಕವಳಿದ್ದಾಗ ಬೀಗದ ತೂತು, ಗಡಿಯಾರದ ಬೆನ್ನು, ಕೋಳಿಗೂಡು, ಯಾವುದು ಕಂಡರೂ ಒಂದು ಕಣ್ಣು ಮುಚ್ಚಿ ಇಣುಕುತ್ತಿದ್ದಳು. ಹಾಗಾಗಿ ಇಣುಕಿ. ಈಗ ಇಂಜಿನಿಯರ್ ಆಗಿದ್ದಾಳೆ. ಬಿಸಿಲ ನಾಡಿನ ಕಟ್ಟಡಗಳ ಮೈಮೇಲೆ ಏನು ಹೊದಿಸಿದರೆ ಒಳಗಿನವರು ಬೇಯದೆ ಬದುಕಬಹುದು ಅನ್ನುವುದನ್ನೇ ಓದಿಕೊಂಡು ಬಂದವಳು. ಇಷ್ಟಾದರೂ ಇಣುಕುವ ಚಾಳಿ ಬಿಟ್ಟಿರಲಿಲ್ಲ. ಮಾವ ಕೊಟ್ಟ ನೀರನ್ನು ಅವಳು ಕುಡಿಯಲಿಲ್ಲ. ಚೀಲದಿಂದ ಒಂದು ಒಣಗಿದ ಕಾಯಿ ತೆಗೆದಳು. ಬೀದಿ ಬದಿಯ ಮರದಿಂದ ಉದುರಿದ್ದು, ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿತ್ತು. ಅದನ್ನು ಲೋಟದೊಳಗೆ ಬಿಟ್ಟಳು.

"ನೋಡ್ತಾ ಇರು" ಎಂದಳು.

"ನಂಗೆ ಕೆಲಸ ಇದೆ" ಎಂದ ಸಪಾಟು, ಲೋಟದ ಮುಂದೆ ಸ್ಟೂಲು ಎಳೆದುಕೊಂಡು ಕೂತ.

ಕಾಯಿ ಮೊದಲು ಸುಮ್ಮನಿತ್ತು. ಆಮೇಲೆ ನಿಧಾನಕ್ಕೆ, ಸೋಮಾರಿ ಮೈಮುರಿಯುವಂತೆ, ತಿರುಚು ಬಿಚ್ಚಿಕೊಳ್ಳತೊಡಗಿತು. ಅರ್ಧ ಗಂಟೆಗೆ ನೆಟ್ಟಗಾಯಿತು. ತೆಗೆದು ಬಿಸಿಲಿಗಿಟ್ಟರೆ ಮತ್ತೆ ತಿರುಚಿಕೊಂಡಿತು. ಅಷ್ಟರಲ್ಲಿ ಒಲೆಯ ಮೇಲಿದ್ದ ಅಂಟು ಕುದ್ದು ಸೀದು ಅಂಗಡಿಯೆಲ್ಲ ವಾಸನೆ. ಸಪಾಟುವಿಗೆ ಅದರ ಪರಿವೆಯೇ ಇಲ್ಲ.

"ಜೀವ ಇಲ್ಲದ ಕಾಯಿ ಕಣೇ ಇದು! ಯಾರು ತಿರುಗಿಸ್ತಾ ಇದ್ದಾರೆ?"

ಇಣುಕಿ ಉಗುರಿನಿಂದ ಕಾಯಿಯ ಸಿಪ್ಪೆ ಸೀಳಿ ತೋರಿಸಿದಳು. "ಎರಡು ಪದರ ಇದೆ ನೋಡು. ಒಂದರ ನಾರು ಹೀಗೆ ಹೋಗಿದೆ, ಇನ್ನೊಂದರದ್ದು ಅಡ್ಡ. ಗಾಳಿಯಲ್ಲಿ ತೇವ ಇದ್ರೆ ಒಂದು ಪದರ ಕುಡಿದು ಉಬ್ಬುತ್ತೆ. ಇನ್ನೊಂದು ಹಠ ಹಿಡಿದು ಹಾಗೇ ಕೂತಿರುತ್ತೆ. ಒಟ್ಟಿಗೆ ಅಂಟಿಕೊಂಡಿದ್ದಾವಲ್ಲ, ಪಾಪ, ಏನು ಮಾಡ್ತವೆ? ಬಾಗ್ತವೆ."

"ಇದನ್ನು ನಂಗೆ ಹೇಳಿಕೊಡ್ತೀಯಾ? ಒಂದೇ ಮಗ್ಗುಲಿಗೆ ವಿನಿಯರ್ ಹಾಳೆ ಅಂಟಿಸಿದ್ರೆ ಹಲಗೆ ಬಾಗುತ್ತೆ, ಹಿಂದುಗಡೆಗೂ ಒಂದು ಅಂಟಿಸಬೇಕು. ಮರೆತರೆ ಅದು ಕೆಲಸ ಬಾರದವರು ಮಾಡೋ ತಪ್ಪು."

"ಆ ತಪ್ಪನ್ನೇ ತೊಂಬತ್ತಾರು ಸಲ ಮಾಡಿಕೊಡು ಮಾವ."

ಇದು ಯಾತಕ್ಕೆ ಬೇಕಾಗಿತ್ತು ಅನ್ನುವುದನ್ನು ಅವಳು ಬಿಡಿಸಿ ಹೇಳಬೇಕಾಗಿರಲಿಲ್ಲ. ಅದು ಮನೆಯವರಿಗೆಲ್ಲ ಗೊತ್ತಿದ್ದ ಸಂಕಟ. ಇಣುಕಿಯ ಅಮ್ಮ, ಅಂದರೆ ಸಪಾಟುವಿನ ತಂಗಿ, ಹೊಲಿಗೆ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಕರಿ ಕೋಟುಗಳಿಗೆ ಕೈಯಲ್ಲೇ ಗುಂಡಿಯ ಕಾಜಾ ಹೊಲಿಯುವವಳು. ಪಶ್ಚಿಮದ ಗೋಡೆಯಲ್ಲಿ ಆರು ಕಿಟಕಿ, ಮೂರನೆಯದರ ಪಕ್ಕ ಅವಳ ಸ್ಟೂಲು. ಕರಿ ಬಟ್ಟೆಯ ಮೇಲೆ ಕರಿ ದಾರ ಟ್ಯೂಬ್‌ಲೈಟಿನಲ್ಲಿ ಕಾಣುವುದಿಲ್ಲ, ಅದಕ್ಕೆ ಹಗಲ ಬೆಳಕೇ ಬೇಕು. ಆದರೆ ಬೇಸಿಗೆಯಲ್ಲಿ ಮಧ್ಯಾಹ್ನ ಎರಡು ದಾಟಿತೆಂದರೆ ಬಿಸಿಲು ಆ ಆರು ಕಿಟಕಿಯಿಂದ ನೇರ ಒಳಗೆ ಬಂದು ಹೆಗಲ ಮೇಲೆ ಕೂರುತ್ತಿತ್ತು. ಪರದೆ ಹಾಕಿದರೆ ಗಾಳಿಯೂ ಇಲ್ಲ, ಬೆಳಕೂ ಇಲ್ಲ. ಹೋದ ಬೇಸಿಗೆ ಇಬ್ಬರು ಹೆಂಗಸರು ತಲೆ ತಿರುಗಿ ಬಿದ್ದರು. ಎರಡನೆಯವಳು ಸಪಾಟುವಿನ ತಂಗಿಯೇ.

ಮಾಲೀಕರು ಕೆಟ್ಟವರಲ್ಲ. "ಇನ್ನೊಬ್ಬರು ನನ್ನ ಕಣ್ಣೆದುರು ಬೀಳೋದು ಬೇಡ" ಎಂದು ಆರೂ ಕಿಟಕಿಗೆ ಇಟ್ಟಿಗೆ ಕಟ್ಟಿಸಿಬಿಡುವ ತೀರ್ಮಾನ ಮಾಡಿದ್ದರು. ಇಟ್ಟಿಗೆ ಬಂದು ಅಂಗಳದಲ್ಲಿ ಪೇರಿಸಿಯೂ ಆಗಿತ್ತು. ಕಿಟಕಿ ಮುಚ್ಚಿದರೆ ಕಾಜಾ ಹೊಲಿಯುವವಳಿಗೆ ಅಲ್ಲೇನು ಕೆಲಸ? ಹೊಲಿಗೆ ಮಿಷನ್ ಮೇಲೆ ಕೂತವಳಲ್ಲ, ಕೂರುವ ವಯಸ್ಸೂ ಅಲ್ಲ. ಇಣುಕಿ ಹೋಗಿ ಮಾಲೀಕರನ್ನು ಕಾಡಿ ಬೇಡಿ ಒಂದು ಅವಕಾಶ ತಂದಿದ್ದಳು. ಗಾರೆ ಮೇಸ್ತ್ರಿಗೆ ಬೇರೆ ಕಡೆ ಕೆಲಸವಿತ್ತು, ಮುಂದಿನ ತಿಂಗಳ ಮೊದಲ ಗುರುವಾರ ಬರುವವನಿದ್ದ. ಅಷ್ಟರೊಳಗೆ ಬಿಸಿಲು ನಿಂತರೆ ಕಿಟಕಿ ಉಳಿಯುತ್ತದೆ, ನಿಲ್ಲದಿದ್ದರೆ ಇಟ್ಟಿಗೆ.

ಉಪಾಯ ಇಷ್ಟೇ. ಒಂದೊಂದು ಕಿಟಕಿಗೆ ಹದಿನಾರು ತೆಳು ಹಲಗೆ, ಮೊಳದುದ್ದ, ಮೇಲಂಚಿಗೆ ಮಾತ್ರ ಸ್ಕ್ರೂ, ಸಾಲು ಸಾಲಾಗಿ ನೇತಾಡುವಂತೆ. ಬೆಳಗಿನ ಇಬ್ಬನಿ ಗಾಳಿಗೆ ಅವು ಹೊರಕ್ಕೆ ಬಾಗಿ ಎದ್ದು ಗಾಳಿ ಬಿಡುತ್ತವೆ. ಮಧ್ಯಾಹ್ನದ ಒಣ ಬಿಸಿಲಿಗೆ ನೆಟ್ಟಗಾಗಿ ಮುಚ್ಚಿಕೊಂಡು ಬಿಸಿಲು ತಡೆಯುತ್ತವೆ, ಸಂದುಗಳಲ್ಲಿ ಒಂದಿಷ್ಟು ಬೆಳಕು ನುಸುಳುತ್ತದೆ. ಮೋಟಾರು ಬೇಡ, ಕರೆಂಟು ಬೇಡ, ಹಗ್ಗ ಎಳೆಯುವವರು ಬೇಡ. ಇಣುಕಿ ತಾನೇ ಮಾಡಿದ ಒಂದು ಪುಟ್ಟ ಹಲಗೆ ತೋರಿಸಿದಳು. ಕೆಟಲಿನ ಹಬೆಗೆ ಹಿಡಿದರೆ ಬಾಗುತ್ತಿತ್ತು, ಒಲೆ ಪಕ್ಕ ಇಟ್ಟರೆ ನೆಟ್ಟಗಾಗುತ್ತಿತ್ತು. ಸಪಾಟು ಅದನ್ನು ಹದಿನೇಳು ಸಲ ಬಾಗಿಸಿ ನೋಡಿದ. ಹದಿನೆಂಟನೆಯ ಸಲಕ್ಕೆ ಅವಳು ಕಿತ್ತುಕೊಂಡಳು.

"ಒಂದೇ ಒಂದು ಮಾತು ಮಾವ" ಎಂದು ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು. "ವಿನಿಯರ್ ಚೆನ್ನಾಗಿ ಒಣಗಿರಬೇಕು. ಎಂಟು ದಿನ ತಗಡಿನ ಪೆಟ್ಟಿಗೆಯಲ್ಲಿ ಬಲ್ಬು ಹಾಕಿ ಒಣಗಿಸು. ಅಂಟಿಸುವಾಗ ನೀರು ಸೋಕಿಸಬೇಡ. ಒಂದು ಹನಿನೂ."

"ನಂಗೆ ಹೇಳ್ತಾಳೆ" ಎಂದುಕೊಂಡ ಸಪಾಟು.

ಎಂಟು ದಿನ ಅವನು ಚಾಚೂ ತಪ್ಪದೆ ಒಣಗಿಸಿದ. ತೊಂದರೆ ಬಂದಿದ್ದು ಒಂಬತ್ತನೆಯ ದಿನ. ವಿನಿಯರ್ ಅಂದರೆ ಉಗುರಿನಷ್ಟು ತೆಳ್ಳಗಿನ ಮರದ ಹಾಳೆ. ಹಾಗೆ ಒಣಗಿದ ಹಾಳೆ ಕೈಗೆತ್ತಿಕೊಂಡರೆ ಚಟಚಟ ಅನ್ನುತ್ತಿತ್ತು. ಮೊದಲನೆಯದರ ಅಂಚು ಸೀಳಿತು. ಎರಡನೆಯದು ಅಂಟು ಹಚ್ಚುವಷ್ಟರಲ್ಲಿ ಮಧ್ಯಕ್ಕೇ ಬಿರುಕು ಬಿಟ್ಟಿತು. ಅಯ್ಯೋ, ಎಂಥ ಮರ, ಎಂಥ ಎಳೆ! ನಲವತ್ತು ವರ್ಷ ಅವನು ವಿನಿಯರ್ ಅಂಟಿಸಿದ್ದು ಒಂದೇ ಕ್ರಮದಲ್ಲಿ. ಮೊದಲು ನೀರು ಚಿಮುಕಿಸು, ಒದ್ದೆ ಗೋಣಿಚೀಲದ ಕೆಳಗೆ ಒಂದು ಗಂಟೆ ಮಲಗಿಸು, ಅದು ಮೆತ್ತಗಾಗಿ ಹೇಳಿದ ಮಾತು ಕೇಳುತ್ತದೆ, ಆಮೇಲೆ ಅಂಟು, ಆಮೇಲೆ ಭಾರ. ಮೂರನೆಯ ಹಾಳೆ ಎತ್ತಿಕೊಂಡಾಗ ಅವನ ಎಡಗೈ ಅವನನ್ನು ಕೇಳಲೇ ಇಲ್ಲ. ತಾನೇ ಹೋಗಿ ಬಕೆಟ್ಟಿಗೆ ಅದ್ದಿ ಬಂತು.

ಒಂಚೂರು ನೀರು ತಾನೆ, ಒಣಗಿಹೋಗುತ್ತದೆ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಂಜೆಯ ಹೊತ್ತಿಗೆ ಒದ್ದೆ ಗೋಣಿಚೀಲವೂ ಹೊರಬಂದಿತ್ತು. ತೊಂಬತ್ತಾರು ಹಲಗೆ ತಯಾರಾದವು. ಒಂದರಲ್ಲೂ ಬಿರುಕಿಲ್ಲ, ಎಲ್ಲವೂ ನೀರಿನಷ್ಟು ಸಮ. ಇಣುಕಿ ನೋಡಲು ಬಂದಾಗ ಗೋಣಿಚೀಲವನ್ನು ಮರದ ಪುಡಿಯ ಗುಡ್ಡೆಯಡಿ ತುರುಕಿಟ್ಟ. ಅಷ್ಟು ವಯಸ್ಸಾದ ಮನುಷ್ಯ, ಕದ್ದು ಬೆಲ್ಲ ತಿಂದ ಹುಡುಗನ ಹಾಗೆ.

ಭಾನುವಾರ ಕಾರ್ಖಾನೆಗೆ ರಜ. ಬಿಸಿಲಿಳಿದ ಮೇಲೆ ಮಾವ, ಸೋದರಸೊಸೆ ಇಬ್ಬರೂ ಏಣಿ ಹಾಕಿಕೊಂಡು, ಅಲ್ಲಿಯವರೆಗೆ ಭಾರದಡಿಯಿದ್ದ ಹಲಗೆಗಳನ್ನೆಲ್ಲ ಹೊಡೆದು ಮುಗಿಸಿದರು. ಸೋಮವಾರ ಬೆಳಿಗ್ಗೆ ಇಬ್ಬನಿ ಬಿದ್ದಿತ್ತು. ಎಲ್ಲರೂ ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡಿದರು. ಹಲಗೆ ಅಲುಗಲಿಲ್ಲ, ಆರೂ ಕಿಟಕಿ ಗಪ್ಪಾಗಿ ಮುಚ್ಚಿಕೊಂಡೇ ಇದ್ದವು. "ಹೊಸದಲ್ವಾ, ನಾಚಿಕೆ ಇರಬೇಕು" ಎಂದಳು ಸಪಾಟುವಿನ ತಂಗಿ. ಹೆಂಗಸರು ನಕ್ಕು ಒಳಗೆ ಹೋದರು. ಇಣುಕಿ ನಗಲಿಲ್ಲ.

ಮಧ್ಯಾಹ್ನ ಮೂರಕ್ಕೆ ನಾಚಿಕೆ ಬಿಟ್ಟಿತು. ಗಾಳಿ ಒಣಗಿ ಬೆಂಕಿಯಾಗಿತ್ತು. ಇನ್ನು ಮುಚ್ಚಿಕೊಂಡಿರಬೇಕಾದ ಹೊತ್ತಲ್ಲಿ ಮೊದಲ ಕಿಟಕಿಯ ಮೇಲಿನ ಹಲಗೆ ಅಲುಗಾಡಿ ಒಳಕ್ಕೆ ಬಾಗಿತು. ಆಮೇಲೆ ಅದರ ಕೆಳಗಿನದು. ನೋಡನೋಡುತ್ತ ತೊಂಬತ್ತಾರೂ ಹಲಗೆ ಕಾರ್ಖಾನೆಯ ಒಳಕ್ಕೆ ನಾಲಿಗೆ ಚಾಚಿದವು. ಆ ಸಂದುಗಳಿಂದ ಬಿಸಿಲು ಎಂದಿಗಿಂತ ಜೋರಾಗಿ, ಪಟ್ಟೆ ಪಟ್ಟೆಯಾಗಿ ಒಳಗೆ ನುಗ್ಗಿತು. ಯಾರೋ ಕಿಸಕ್ಕನೆ ನಕ್ಕರು. ಮಾಲೀಕರು ಬಂದು ನೋಡಿದರು, ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದರು.

"ಏನಮ್ಮಾ ಇದು? ಬಿಸಿಲಿಗೆ ಬಾಗಿಲು ತೆಗೀತಾ ಇದೆಯಲ್ಲ?"

"ಸಾರ್, ಗುರುವಾರದವರೆಗೆ ಟೈಮ್ ಕೊಡಿ."

"ಗುರುವಾರ ಮೇಸ್ತ್ರಿ ಬರ್ತಾನಮ್ಮ. ಅಷ್ಟೇ ನನ್ನ ಕೈಲಿರೋದು."

ಆ ಸಂಜೆ ಸಪಾಟು ಒಂದು ಹಲಗೆ ಬಿಚ್ಚಿ ಅಂಗಡಿಗೆ ತಂದ. ಕೆಟಲಿನ ಹಬೆಗೆ ಹಿಡಿದ, ನೆಟ್ಟಗಾಯಿತು. ಒಲೆ ಪಕ್ಕ ಇಟ್ಟ, ಬಾಗಿತು. ಇಣುಕಿಯ ಪುಟ್ಟ ಹಲಗೆ ಮಾಡುತ್ತಿದ್ದುದಕ್ಕೆ ಸರಿಯಾಗಿ ಉಲ್ಟಾ. ಅವನು ತಲೆ ಕೆರೆದುಕೊಂಡ. ಒಣಗಿದಾಗ ಅಂಟಿಸಿದ್ದರೆ ಒಣಗಿದಾಗ ಸಮ. ಒದ್ದೆಯಾಗಿದ್ದಾಗ ಅಂಟಿಸಿದರೆ? ಒದ್ದೆಯಲ್ಲಿ ಸಮ. ಅಂಟು ಕಚ್ಚಿದ ಗಳಿಗೆಯಲ್ಲಿ ಮರ ಹೇಗಿತ್ತೋ ಅದನ್ನೇ ತನ್ನ ನೆಟ್ಟಗಿನ ಸ್ಥಿತಿ ಎಂದುಕೊಂಡುಬಿಟ್ಟಿತ್ತು! ನೀರು ಒಣಗಿ ಹೋಗಿತ್ತು, ಮರ ಮಾತ್ರ ಮರೆತಿರಲಿಲ್ಲ. ಇದು ತಿಳಿದಾಗ ಒಂದು ಕ್ಷಣ ಅವನಿಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ಇಣುಕಿಯ ಮನೆಗೆ ಓಡಬೇಕೆನಿಸಿತು. ಚಪ್ಪಲಿ ಮೆಟ್ಟಿಯೂ ಆಯಿತು. ಆಗ ಗೋಣಿಚೀಲ ನೆನಪಾಯಿತು. ಚಪ್ಪಲಿ ಬಿಟ್ಟು ಮತ್ತೆ ಕೂತ.

ಮಂಗಳವಾರ ಅವನು ಬಾಯಿ ಬಿಡಲಿಲ್ಲ. ಬುಧವಾರವೂ ಬಿಡಲಿಲ್ಲ. ಹೇಳಿದರೆ ತಾನೇ ಏನಾಗುತ್ತದೆ, ಮತ್ತೆ ಎಂಟು ದಿನ ಒಣಗಿಸಿ ಹೊಸದು ಮಾಡುವಷ್ಟು ಹೊತ್ತು ಎಲ್ಲಿದೆ ಎಂದು ನೆಪ ಹುಡುಕಿದ. ನಿಜ ಸಂಗತಿ ಅದಲ್ಲ. ನಲವತ್ತು ವರ್ಷದಲ್ಲಿ ಅವನ ಕೆಲಸಕ್ಕೆ ಬೊಟ್ಟು ಮಾಡಿ ಗೆದ್ದವರಿರಲಿಲ್ಲ, ಈಗ ಆ ಬೊಟ್ಟು ತನ್ನದೇ ಆಗಬೇಕಿತ್ತು. ಇಣುಕಿ ಮಾತ್ರ ಎರಡು ದಿನವೂ ಕಾರ್ಖಾನೆಯ ಮೆಟ್ಟಿಲ ಮೇಲೆ ನೋಟ್‌ಬುಕ್ ಹಿಡಿದು ಕೂತಿದ್ದಳು. ಬರೆಯುತ್ತಿದ್ದಳು, ಹೊಡೆದು ಹಾಕುತ್ತಿದ್ದಳು. "ನಾನು ಎಲ್ಲೋ ತಲೆಕೆಳಗು ಮಾಡಿದ್ದೀನಿ ಮಾವ. ಎಲ್ಲಿ ಅಂತ ಸಿಗ್ತಾ ಇಲ್ಲ" ಎಂದಳು. ಅವನು ಮುಖ ತಿರುಗಿಸಿ, "ಊಟ ಮಾಡಿದೆಯಾ?" ಎಂದು ಕೇಳಿದ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಮೇಸ್ತ್ರಿ ಬಂದು ಗಾರೆ ಕಲೆಸಿದ. ಮೊದಲ ಕಿಟಕಿಯ ಹಲಗೆಗಳನ್ನು ಬಿಚ್ಚಿ ಗೋಡೆಗೊರಗಿಸಿ, ದಾರ ಕಟ್ಟಿ ಇಟ್ಟಿಗೆ ಇಡತೊಡಗಿದ. ಸಪಾಟು ಹತ್ತು ಗಂಟೆಗೆ ಕಾರ್ಖಾನೆಯ ಗೇಟಿನವರೆಗೆ ಬಂದ. ಅಲ್ಲಿಂದ ಹಿಂದೆ ಹೋದ. ಬೀದಿಯನ್ನು ಹತ್ತಾರು ಸುತ್ತು ಹಾಕಿದ. ಚಹದ ಅಂಗಡಿಯವನು "ಏನಾದ್ರೂ ಕಳ್ಕೊಂಡ್ರಾ?" ಎಂದು ಕೇಳಿದಾಗ ಮೈಯೆಲ್ಲ ಉರಿದು ನೇರ ಒಳಗೆ ನಡೆದ. ಕಂಕುಳಲ್ಲಿ ಆ ಒಂದು ಹಲಗೆ ಇತ್ತು. ಹೊತ್ತು ಹನ್ನೆರಡು ಹೊಡೆದಿತ್ತು, ಮೊದಲ ಕಿಟಕಿಯಲ್ಲಿ ನಾಲ್ಕು ವರಸೆ ಇಟ್ಟಿಗೆ ಎದ್ದಿತ್ತು.

ತಂಗಿ ಆಗಲೇ ಸ್ಟೂಲನ್ನು ಕಿಟಕಿಯಿಂದ ಆಚೆ ಎಳೆದುಕೊಂಡು ಕೂತಿದ್ದಳು. ಮಡಿಲಲ್ಲಿ ಕೋಟಿತ್ತು, ಕೈಯಲ್ಲಿ ಸೂಜಿ ಇರಲಿಲ್ಲ.

"ಒಳ್ಳೆ ಹೊತ್ತಿಗೆ ಬಂದೆ ಅಣ್ಣ" ಎಂದಳು. "ನನ್ನ ಬಳ್ಳಿ ಡಬ್ಬ ಇಳಿಸಿಕೊಡು. ಮೇಸ್ತ್ರಿ ಇಲ್ಲಿಗೆ ಬರೋದ್ರೊಳಗೆ."

ಕಿಟಕಿಯ ಹೊರ ಕಟ್ಟೆಯ ಮೇಲೆ, ಮಿಷನ್ ಎಣ್ಣೆಯ ಹಳೇ ಡಬ್ಬದಲ್ಲಿ ಅವಳೊಂದು ಕುಂಬಳದ ಬಳ್ಳಿ ಬೆಳೆಸಿದ್ದಳು. ಐದು ವರ್ಷದಿಂದ ಪ್ರತಿ ಸಲ ಹೊಸ ಬೀಜ ಊರಿದರೂ ಅದು ಎಲೆ ಬಿಡುವುದನ್ನು ಬಿಟ್ಟರೆ ಬೇರೇನೂ ಬಿಟ್ಟಿರಲಿಲ್ಲ. ಸಪಾಟು ಹೊರಗಿನಿಂದ ಏಣಿ ಹತ್ತಿ ಡಬ್ಬಕ್ಕೆ ಕೈ ಹಾಕಿದ. ಎಲೆಗಳೆಲ್ಲ ಜೋತುಬಿದ್ದಿದ್ದವು.

"ಲೇ, ಇದಕ್ಕೆ ನೀರು ಹಾಕಿಲ್ವಾ? ಸತ್ತೇ ಹೋಗಿದೆ."

"ಸತ್ತಿಲ್ಲ ಬಿಡು, ನಾಟಕ ಅದರದ್ದು" ಎಂದಳು ತಂಗಿ ಒಳಗಿನಿಂದ. "ಬೆಳಿಗ್ಗೆ ಬಂದಾಗ ಛತ್ರಿ ಬಿಚ್ಚಿದ ಹಾಗೆ ಅಗಲಕ್ಕೆ ನಿಂತಿರುತ್ತೆ. ಬಿಸಿಲೇರಿದ ಮೇಲೆ ಹೀಗೆ ತಲೆ ಬಗ್ಗಿಸುತ್ತೆ. ಸಂಜೆಗೆ ಮತ್ತೆ ಎದ್ದು ಕೂರುತ್ತೆ. ದಿನಾ ಇದೇ."

ಸಪಾಟು ಏಣಿಯ ಮೇಲೆ ನಿಂತುಬಿಟ್ಟ. ತೊಟ್ಟು ಗೋಡೆಯಿಂದ ಹೊರಕ್ಕೆ ನೆಟ್ಟಗೆ ಚಾಚಿತ್ತು. ಅದರ ತುದಿಯಲ್ಲಿ ಎಲೆ ಕೆಳಕ್ಕೆ ಬಾಗಿ ತನ್ನ ಕೆಳಗಿನ ಎಲೆಗೆ ನೆರಳಾಗಿತ್ತು. ಆ ನೆರಳಿನಡಿಯಿಂದ ಗಾಳಿ ಆಡುತ್ತಿತ್ತು. ಅವನು ಕಂಕುಳಿನ ಹಲಗೆ ತೆಗೆದ. ಒಣ ಗಾಳಿಗೆ ಅದು ಆಗಲೇ ಬಾಗಿತ್ತು. ಅದರ ಮೇಲಂಚನ್ನು ಗೋಡೆಗೆ ಒತ್ತಿ, ಬುಡ ಹೊರಕ್ಕೆ ಚಾಚುವಂತೆ ಅಡ್ಡ ಹಿಡಿದ. ಒಳಕ್ಕೆ ನಾಲಿಗೆ ಚಾಚುತ್ತಿದ್ದ ಹಲಗೆ ಈಗ ಕೆಳಕ್ಕೆ ಬಾಗಿತು, ಕಣ್ಣಿನ ರೆಪ್ಪೆಯ ಹಾಗೆ. ಅವನ ಮೊಣಕೈ ತಾಗಿ ಕುಂಬಳದ ಡಬ್ಬ, ಕೆಳಗೆ ಇಟ್ಟಿಗೆ ಎತ್ತಿಕೊಳ್ಳಲು ಬಂದಿದ್ದ ಮೇಸ್ತ್ರಿಯ ತಲೆಯ ಮೇಲೆ ಇನ್ನೇನು ಬೀಳುವುದರಲ್ಲಿತ್ತು.

"ದೊಡ್ಡವ್ರೆ, ಹುಷಾರು!" ಎಂದ ಮೇಸ್ತ್ರಿ.

ಸಪಾಟು ಏಣಿ ಇಳಿದು, ಡಬ್ಬವನ್ನು ಅಂಗಳದಲ್ಲಿಟ್ಟು ಒಳಗೆ ಬಂದ. ಇಣುಕಿ ಮಾಲೀಕರ ಮೇಜಿನ ಮುಂದೆ ನಿಂತಿದ್ದಳು. "ತಪ್ಪು ನಂದೇ ಸಾರ್. ಲೆಕ್ಕದಲ್ಲೇ ಎಲ್ಲೋ ಎಡವಿದ್ದೀನಿ" ಎಂದು ಹೇಳುತ್ತಿದ್ದಳು. ಆ ಮಾತು ಕೇಳಿ ಅವನಿಗೆ ಇನ್ನು ತಡೆಯಲಾಗಲಿಲ್ಲ.

"ಅವಳ ಲೆಕ್ಕ ಸರಿ ಇದೆ. ನಾನು ನೀರು ಹಾಕಿದ್ದೆ."

ಅವನು ಎಷ್ಟು ಜೋರಾಗಿ ಹೇಳಿದನೆಂದರೆ ಮಿಷನ್‌ಗಳು ಒಂದೊಂದಾಗಿ ನಿಂತವು. ಅಷ್ಟು ಜನರ ಮುಂದೆ ಅವನು ಎಲ್ಲವನ್ನೂ ಹೇಳಿದ. ಸೀಳಿದ ಹಾಳೆ, ಬಕೆಟ್ಟು, ಒದ್ದೆ ಗೋಣಿಚೀಲ, ಮರದ ಪುಡಿಯಡಿ ಮುಚ್ಚಿಟ್ಟದ್ದು, ಸೋಮವಾರ ಸಂಜೆಯೇ ತಿಳಿದದ್ದು, ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡದ್ದು. ಹೇಳಿ ಮುಗಿಸಿ ನೆಲ ನೋಡುತ್ತ ನಿಂತ.

ಇಣುಕಿಯ ಕಣ್ಣು ತುಂಬಿಬಂತು. "ಮೂರು ದಿನ ಮಾವ! ಮೂರು ದಿನದಿಂದ ನನ್ನ ತಲೇನೇ ಸರಿ ಇಲ್ಲ ಅಂದ್ಕೊಂಡಿದ್ದೆ. ನಿದ್ದೆ ಮಾಡಿಲ್ಲ. ಓದಿದ್ದೆಲ್ಲ ಸುಳ್ಳೇನೋ ಅನ್ನಿಸಿಬಿಟ್ಟಿತ್ತು. ನೀನು ಪಕ್ಕದಲ್ಲೇ ನಿಂತು ಊಟ ಆಯ್ತಾ ಅಂತ ಕೇಳ್ತಿದ್ದೆ!"

"ಬೈಯಿ" ಎಂದ ಅವನು. "ಇನ್ನೂ ಬೈಯಿ. ಸರಿಯಾಗೇ ಬೈತಿದ್ದೀಯ."

ಅವಳು ಇನ್ನೂ ನಾಲ್ಕು ಮಾತು ಬೈದಳು. ಆಮೇಲೆ ತೋಳಿನಿಂದ ಕಣ್ಣೊರೆಸಿಕೊಂಡು, ಅವನ ಕೈಯಲ್ಲಿದ್ದ ಹಲಗೆ ಕಿತ್ತುಕೊಂಡು, ಒಂದು ಕಣ್ಣು ಮುಚ್ಚಿ ಅದರ ಅಂಚಿನುದ್ದಕ್ಕೂ ನೋಡಿದಳು.

"ಎಷ್ಟು ನೀರು?" ಎಂದಳು.

"ಏನು?"

"ಎಷ್ಟು ನೀರು ಹಾಕಿದೆ? ಲೋಟದ ಲೆಕ್ಕದಲ್ಲಿ ಹೇಳು. ಗೋಣಿಚೀಲದ ಕೆಳಗೆ ಎಷ್ಟು ಹೊತ್ತು ಇಟ್ಟೆ?"

ಸಪಾಟುವಿಗೆ ಬದುಕಿದೆ ಅನ್ನಿಸಿತು. ಅವನು ಉತ್ತರ ಕೊಡದೆ ಅವಳನ್ನು ಕೈಹಿಡಿದು ಎಳೆದುಕೊಂಡು ಹೋಗಿ ಬಳ್ಳಿ ತೋರಿಸಿದ. ಎಲೆ ತೋರಿಸಿದ, ತೊಟ್ಟು ತೋರಿಸಿದ, ಹಲಗೆಯನ್ನು ಅಡ್ಡ ಹಿಡಿದು ತೋರಿಸಿದ. "ಹೊಸದು ಮಾಡೋದು ಬೇಡ ಕಣೇ. ಇದನ್ನೇ ಕಾಲು ಸುತ್ತು ತಿರುಗಿಸಿದ್ರೆ ಸಾಕು. ಹಿಂದೆ ಒಂದು ಬೆಣೆ ಕೊಟ್ಟು ಹೊರಕ್ಕೆ ನಿಲ್ಲಿಸಿದ್ರೆ ಬೆಳಿಗ್ಗೆ ನೆಟ್ಟಗೆ ಚಾಚಿಕೊಂಡು ಗಾಳಿ ಬಿಡುತ್ತೆ. ಬಿಸಿಲಿಗೆ ತಲೆ ಬಗ್ಗಿಸುತ್ತೆ." ಇಣುಕಿ ಎಲೆಯ ಅಡಿಗೆ ತಲೆ ತೂರಿಸಿ ಮೇಲಕ್ಕೆ ಇಣುಕಿದಳು. ತುಂಬಾ ಹೊತ್ತು ಹಾಗೇ ಇದ್ದಳು. ಹೊರಬಂದಾಗ ಮೂಗಿನ ಮೇಲೆ ಮಣ್ಣು, ಮುಖದಲ್ಲಿ ನಗು. "ಐದು ವರ್ಷದಿಂದ ಅಮ್ಮನ ಪಕ್ಕದಲ್ಲೇ ಇತ್ತಲ್ಲ ಮಾವ ಇದು" ಎಂದಳು.

ಮಾಲೀಕರು ಗಡಿಯಾರ ನೋಡಿದರು. ಮೇಸ್ತ್ರಿಯನ್ನು ನೋಡಿದರು. "ಒಂದು ಕಿಟಕಿ" ಎಂದರು. "ಇವತ್ತು ಮೂರು ಗಂಟೆಗೆ. ನೋಡೋಣ."

ಯಾವ ಕಿಟಕಿ ಎಂದು ಯಾರೂ ಕೇಳಲಿಲ್ಲ. ಸಪಾಟು ಮೂರನೆಯ ಕಿಟಕಿಯ ಕೆಳಗೆ, ಇಟ್ಟಿಗೆ ರಾಶಿಯ ಮೇಲೆಯೇ ಮರ ಇಟ್ಟು ಹದಿನಾರು ಬೆಣೆ ಕುಯ್ದ. ಇಣುಕಿ ಏಣಿಯ ಮೇಲೆ ನಿಂತು ಸ್ಕ್ರೂ ತಿರುಗಿಸಿದಳು. ಮೇಸ್ತ್ರಿ ಊಟ ಮುಗಿಸಿ ಬಂದವನು ಕರಣೆ ಹಿಡಿದು ಸ್ವಲ್ಪ ಹೊತ್ತು ನೋಡುತ್ತ ನಿಂತ. ಆಮೇಲೆ ತಾನೂ ಏಣಿ ಹಿಡಿದುಕೊಂಡ. ಬಾಂಡ್ಲಿಯಲ್ಲಿ ಕಲೆಸಿದ ಗಾರೆ ಗಟ್ಟಿಯಾಗತೊಡಗಿತ್ತು. "ಗಾರೆ ಹಾಳಾಗುತ್ತಲ್ಲೋ" ಎಂದು ಮಾಲೀಕರು ಹೇಳಿದ್ದಕ್ಕೆ, "ಇನ್ನೊಂದು ಬಾಂಡ್ಲಿ ಕಲೆಸಿದ್ರಾಯ್ತು ಬಿಡಿ ಸಾರ್, ಇದನ್ನು ಇನ್ನೊಂದು ಸಲ ನೋಡಕ್ಕಾಗುತ್ತಾ?" ಎಂದ.

ಎರಡು ಗಂಟೆಗೆ ಕೆಲಸ ಮುಗಿಯಿತು. ನೆನೆಸಿದ ಗೋಣಿಚೀಲದಿಂದ ಒಮ್ಮೆ ಸವರಿದ್ದರಿಂದ ಹದಿನಾರೂ ಹಲಗೆ ಗೋಡೆಯಿಂದ ಹೊರಕ್ಕೆ ನೆಟ್ಟಗೆ ಚಾಚಿ ನಿಂತಿದ್ದವು. ಈ ಸಲ ನೀರು ಹಾಕಲು ಇಣುಕಿಯೇ ಹೇಳಿದ್ದಳು. ತಂಗಿ ಸ್ಟೂಲನ್ನು ಎಳೆದು ತನ್ನ ಹಳೆಯ ಜಾಗಕ್ಕೆ ಹಾಕಿಕೊಂಡು ಕೂತಳು.

"ಅಮ್ಮಾ, ಈಗಲೇ ಕೂರಬೇಡ. ಬಿಸಿಲು ಬಂದ್ರೆ ಮತ್ತೆ ತಲೆ ತಿರುಗುತ್ತೆ."

"ನನ್ನಣ್ಣನ ಹಲಗೆ, ನನ್ನ ಮಗಳ ಲೆಕ್ಕ. ಇಲ್ಲಿ ಕೂರದೆ ಇನ್ನೆಲ್ಲಿ ಕೂರಲಿ?" ಎಂದು ಅವಳು ಕರಿ ಕೋಟನ್ನು ಮಡಿಲಿಗೆಳೆದುಕೊಂಡಳು. ಅವಳ ದನಿ ಗಟ್ಟಿಯಿತ್ತು, ಕೈ ಮಾತ್ರ ಕೋಟನ್ನು ಅಗತ್ಯಕ್ಕಿಂತ ಬಿಗಿಯಾಗಿ ಹಿಡಿದಿತ್ತು.

ಎರಡೂವರೆಗೆ ಬಿಸಿಲು ಗೋಡೆಗೆ ಬಂತು. ಎರಡನೆಯ ಕಿಟಕಿಯ ಹಲಗೆಗಳು ಒಳಕ್ಕೆ ಬಾಗಿದವು, ನಾಲ್ಕನೆಯದರವೂ ಬಾಗಿದವು, ಬಿಸಿಲು ಎರಡು ಕಡೆಯಿಂದಲೂ ಪಟ್ಟೆ ಪಟ್ಟೆಯಾಗಿ ನೆಲಕ್ಕೆ ಬಿತ್ತು. ಮೂರನೆಯ ಕಿಟಕಿ ಅಲುಗಲಿಲ್ಲ. ಬಿಸಿಲು ಅದರ ಕಟ್ಟೆ ದಾಟಿ, ತಂಗಿಯ ಮೊಣಕಾಲಿಗೆ ಬಂತು, ಅಲ್ಲಿಂದ ಮಡಿಲಿಗೆ ಏರಿತು. ಅವಳ ಹಣೆಯಲ್ಲಿ ಬೆವರು ಮೂಡಿತು. ನಲವತ್ತು ವರ್ಷ ಮರ ಬಾಗದಿರಲಿ ಎಂದು ಹಂಬಲಿಸಿದ ಸಪಾಟು, ಈಗ "ಬಾಗೋ, ಬಾಗೋ ನಮ್ಮಪ್ಪ" ಎಂದು ಗೊಣಗುತ್ತಿದ್ದ. ಮಾಲೀಕರು ಏನೋ ಹೇಳಲು ಬಾಯಿ ತೆಗೆದರು.

ಮೇಲಿನ ಸಾಲಿನ ಎಡತುದಿಯ ಹಲಗೆ ತಲೆ ಬಗ್ಗಿಸಿತು. ಅದರ ಪಕ್ಕದ್ದು ಬಗ್ಗಿಸಿತು. ಕೆಳಗಿನ ಸಾಲು, ಅದರ ಕೆಳಗಿನದು. ತಂಗಿಯ ಮಡಿಲಿನ ಬಿಸಿಲು ಒಂದೊಂದು ಪಟ್ಟೆಯಾಗಿ ತೆಳ್ಳಗಾಗಿ, ದಾರದಷ್ಟಾಗಿ, ಹೋಯಿತು. ಆದರೆ ಕತ್ತಲಾಗಲಿಲ್ಲ. ಬಾಗಿದ ಹಲಗೆಗಳ ಅಡಿಯಿಂದ, ಅಂಗಳದ ನೆಲದಿಂದ ಪುಟಿದ ತಣ್ಣನೆಯ ಬೆಳಕು ಒಳಗೆ ಬರುತ್ತಿತ್ತು. ಅದರ ಜೊತೆ ಗಾಳಿಯೂ. ತಂಗಿಯ ಕಿವಿ ಪಕ್ಕದ ನರೆಗೂದಲು ಅಲುಗಿತು.

ಅವಳು ಸೂಜಿಗೆ ಕರಿ ದಾರ ಪೋಣಿಸಿದಳು, ಕೋಟನ್ನು ಕಣ್ಣಿನ ಹತ್ತಿರ ತರದೆ ಮಡಿಲಲ್ಲೇ ಇಟ್ಟುಕೊಂಡು ಒಂದು ಕಾಜಾ ಸುತ್ತಲೂ ಹೊಲಿದು ಗಂಟು ಹಾಕಿದಳು. ಹಲ್ಲಿನಿಂದ ದಾರ ಕಡಿದಳು. ಮಾಲೀಕರು ಕೋಟು ಇಸಿದುಕೊಂಡು ಕಾಜಾ ನೋಡಿದರು, ವಾಪಸು ಕೊಟ್ಟರು, ಮೇಸ್ತ್ರಿಯ ಕಡೆ ತಿರುಗಿದರು. ಅವರು ಹೇಳುವ ಮೊದಲೇ ಮೇಸ್ತ್ರಿ ಮೊದಲ ಕಿಟಕಿಗೆ ಹೋಗಿ, ಹಸಿ ಗಾರೆಗೆ ಕರಣೆ ತೂರಿಸಿ, ತಾನಿಟ್ಟ ಇಟ್ಟಿಗೆಗಳನ್ನು ತಾನೇ ಎಬ್ಬಿಸತೊಡಗಿದ್ದ.

ಇಣುಕಿ ಗೋಡೆಗೊರಗಿ ಕೂತು ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದಳು. ತಂಗಿ ಕತ್ತೆತ್ತಿ ಕಿಟಕಿಯನ್ನು ಬಹಳ ಹೊತ್ತು ನೋಡಿದಳು.

"ಅಣ್ಣಾ" ಎಂದಳು.

"ಏನು?"

"ನಿನ್ನ ಹಲಗೆ ಎಲ್ಲಾ ಸೊಟ್ಟ ಕಣೋ."

ಸಪಾಟುವಿಗೆ ಅಳು ಬಂತು. ಅಷ್ಟು ಜನರ ಮುಂದೆ, ಮುಚ್ಚಿಟ್ಟುಕೊಳ್ಳದೆ ಅತ್ತ. ಅಳುತ್ತಲೇ ನಕ್ಕ. ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡು, "ಸಂಜೆಗೆ ನೆಟ್ಟಗಾಗುತ್ತೆ" ಎಂದ.

ಐದಕ್ಕೆ ಕಾರ್ಖಾನೆಯ ಗಂಟೆ ಹೊಡೆಯಿತು. ಹೆಂಗಸರು ಒಬ್ಬೊಬ್ಬರಾಗಿ ಹೊರಟರು. ಮೇಸ್ತ್ರಿ ಬಾಂಡ್ಲಿ ತೊಳೆದ. ಸಪಾಟು ಮಾತ್ರ ತಂಗಿಯ ಸ್ಟೂಲನ್ನು ಅಂಗಳಕ್ಕೆ ತಂದು, ಮೂರನೆಯ ಕಿಟಕಿಯ ಎದುರು ಹಾಕಿಕೊಂಡು, ಪಕ್ಕದಲ್ಲಿ ಕುಂಬಳದ ಡಬ್ಬ ಇಟ್ಟುಕೊಂಡು ಕೂತ. ಮೊದಲು ಯಾವುದು ತಲೆ ಎತ್ತುತ್ತದೆ, ಎಲೆಯೋ ಹಲಗೆಯೋ, ಅವನಿಗೆ ನೋಡಬೇಕಿತ್ತು.